ಸೀಡರ್ ಪಾಯಿಂಟ್: ಹೊಸ ರೈಡ್ ನೆಚ್ಚಿಕೊಂಡು ಸೀಸನ್ ಪಾಸ್ ಕೊಳ್ಳಬೇಡಿ

ಒಹಾಯೊದ ಸ್ಯಾಂಡಸ್ಕಿಯಲ್ಲಿರುವ ಸೀಡರ್ ಪಾಯಿಂಟ್ ಮನರಂಜನಾ ಪಾರ್ಕಿನಲ್ಲಿ ಟಾಪ್ ಥ್ರಿಲ್ 2 ಎಂಬ ರೋಲರ್ ಕೋಸ್ಟರ್ ಒಂದನ್ನೇ ನೆಚ್ಚಿಕೊಂಡು 2024ರ ಸೀಸನ್ ಪಾಸ್ ಕೊಂಡವರಿಗೆ ಆ ರೈಡ್ ಸಿಕ್ಕಿದ್ದು ಸುಮಾರು ಒಂದು ವಾರ. ಮೇ 4ಕ್ಕೆ ಶುರುವಾಗಿ ಮೇ 12ರ ಹೊತ್ತಿಗೆ ನಿಂತಿತು. ರೈಲಿನ ಬೋಗಿಗಳಲ್ಲಿ ಯಾಂತ್ರಿಕ ಮಾರ್ಪಾಡು ಆಗಬೇಕು ಎಂದರು, ಆ ವರ್ಷ ಮತ್ತೆ ತೆರೆಯಲೇ ಇಲ್ಲ. ಪಾಸಿನ ಷರತ್ತು ಓದಿದವರಿಗೆ ಇದರಲ್ಲಿ ಕೇಳುವುದಕ್ಕೇನೂ ಇರಲಿಲ್ಲ: ಯಾವ ರೈಡನ್ನಾದರೂ ಮುನ್ಸೂಚನೆ ಇಲ್ಲದೆ ನಿಲ್ಲಿಸಬಹುದು, ಹಣ ವಾಪಸಿಲ್ಲ. ಅಮೆರಿಕದ ಬಹುತೇಕ ಪಾರ್ಕುಗಳ ಪಾಸಿನಲ್ಲೂ ಹೆಚ್ಚುಕಡಿಮೆ ಇದೇ ಮಾತು ಇರುತ್ತದೆ. ಆದರೆ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಎರಡು ಮೂರು ಗಂಟೆ ಕಾರು ಓಡಿಸಿದ ಮೇಲೆ 420 ಅಡಿಯ ಗೋಪುರ ಸುಮ್ಮನೆ ನಿಂತಿರುವುದನ್ನು ನೋಡಿದರೆ ಆಗುವ ಸಂಕಟವೇ ಬೇರೆ. ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಕೊಲಂಬಸ್ ಕಡೆಯ ಕನ್ನಡಿಗರು ಪ್ರತಿ ಬೇಸಿಗೆ ಇಲ್ಲಿಗೆ ಹೊರಡುತ್ತಾರೆ, ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು. ಅವರೆಲ್ಲ ಹಣ ಕಟ್ಟುವ ಮೊದಲು ತಿಳಿದಿರಬೇಕಾದ ಸಂಗತಿಗಳಿವು.

ಆ ರೈಡ್ ಏಕೆ ಕೈಕೊಟ್ಟಿತು ಎಂಬುದು ಗೊತ್ತಿದ್ದರೆ ಮುಂದಿನ ಹೊಸ ರೈಡುಗಳ ವಿಷಯದಲ್ಲೂ ಲೆಕ್ಕ ಹಾಕಬಹುದು. ಇದರ ಹಳೆಯ ರೂಪವಾದ 2003ರ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ಹೈಡ್ರಾಲಿಕ್ ಯಂತ್ರದಿಂದ ಓಡುತ್ತಿತ್ತು. ಕೇಬಲ್ ರೈಲನ್ನು ಸೆಳೆದು ನಾಲ್ಕೇ ಸೆಕೆಂಡಿನಲ್ಲಿ ಗಂಟೆಗೆ 120 ಮೈಲಿ ವೇಗಕ್ಕೆ ಎಸೆಯುತ್ತಿತ್ತು. ಗಾಳಿ ಎದುರಾದರೆ, ತಳ್ಳು ಸ್ವಲ್ಪ ಕಡಿಮೆಯಾದರೆ ತುದಿ ದಾಟದೆ ರೈಲು ಹಿಂದಕ್ಕೆ ಜಾರುತ್ತಿತ್ತು. 2021ರ ಆಗಸ್ಟ್‌ನಲ್ಲಿ ರೈಲಿನಿಂದ ಲೋಹದ ತುಂಡೊಂದು ಕಳಚಿ ಸಾಲಿನಲ್ಲಿದ್ದ ಮಹಿಳೆಯ ತಲೆಗೆ ಬಡಿದು ಗಂಭೀರ ಗಾಯವಾಯಿತು. ಅಲ್ಲಿಗೆ ಆ ಅವತಾರ ಮುಗಿಯಿತು. ಮರುನಿರ್ಮಾಣದಲ್ಲಿ ಹೈಡ್ರಾಲಿಕ್ ತೆಗೆದು ಹಳಿಗುಂಟ ವಿದ್ಯುತ್ಕಾಂತದ ಮೋಟರುಗಳನ್ನು ಕೂರಿಸಿದರು. ಈಗ ರೈಲು ಒಂದೇ ಸಲಕ್ಕೆ ತುದಿ ಮುಟ್ಟುವುದಿಲ್ಲ. ಮೊದಲು ಮುಂದಕ್ಕೆ ಓಡಿ ಹಳೆಯ ಗೋಪುರವನ್ನು ಅರ್ಧ ಏರಿ ಹಿಂದಕ್ಕೆ ಬೀಳುತ್ತದೆ, ಬೀಳುವಾಗಲೇ ಇನ್ನೊಂದು ತಳ್ಳು ಸಿಕ್ಕಿ ಹಿಂದಿನ ಹೊಸ ಕಂಬವನ್ನು ಬೆನ್ನು ಮೇಲಾಗಿ ಏರುತ್ತದೆ, ಅಲ್ಲಿಂದ ಇಳಿದು ಮೂರನೇ ತಳ್ಳಿಗೆ 120 ಮೈಲಿ ಮುಟ್ಟಿ ಗೋಪುರ ದಾಟುತ್ತದೆ. ಕಲ್ಪನೆ ಚೆನ್ನಾಗಿದೆ, ಹತ್ತಿದವರಿಗೆ ಹಳೆಯದಕ್ಕಿಂತ ಹೆಚ್ಚು ಹೊತ್ತು ಸಿಗುತ್ತದೆ. ಆದರೆ ತಯಾರಕರು ಜಾಂಪರ್ಲಾ ಎಂಬ ಕಂಪನಿ. ಇಷ್ಟು ಎತ್ತರ, ಇಷ್ಟು ವೇಗದಲ್ಲಿ ಅವರ ಬೋಗಿ ಓಡಿದ್ದು ಇದೇ ಮೊದಲು. ಹಳಿಯ ಮೇಲೆ ದಿನವಿಡೀ ಓಡಿಸಿದಾಗಲೇ ಇಂಥ ದೋಷ ಹೊರಬೀಳುವುದು. 2025ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು.

ಇಲ್ಲಿನ ಇನ್ನೊಂದು ಹೊಸ ಕೋಸ್ಟರ್ ಸೈರನ್ಸ್ ಕರ್ಸ್ ಕಥೆಯೂ ಹತ್ತಿರ ಹತ್ತಿರ ಇದೇ. 160 ಅಡಿ ಮೇಲೆ ಹಳಿ ತಟ್ಟನೆ ಮುಗಿದುಹೋಗುತ್ತದೆ. ರೈಲು ಅಂಚಿನಲ್ಲಿ ನಿಲ್ಲುತ್ತದೆ, ಹಳಿಯ ತುಂಡೇ ರೈಲಿನ ಸಮೇತ 90 ಡಿಗ್ರಿ ಬಾಗುತ್ತದೆ, ಸೀಟಿನ ತಡೆಪಟ್ಟಿಗೆ ಜೋತುಬಿದ್ದು ನೇರ ನೆಲ ನೋಡುತ್ತ ಕಾಯಬೇಕು, ಆಮೇಲೆ ಕೆಳಗಿನ ಹಳಿಗೆ ಕೊಂಡಿ ಸೇರಿ ರೈಲು ಬಿಡುತ್ತದೆ. ಈ ಬಾಗುವ ಹಳಿಯೇ ರೈಡಿನ ಸೊಗಸು, ಅದರ ದುರ್ಬಲ ಜಾಗವೂ ಅದೇ. ಎರಡು ಹಳಿಗಳು ಕರಾರುವಾಕ್ಕಾಗಿ ಕೂಡಿವೆ ಎಂದು ಪ್ರತಿಯೊಂದು ಸೆನ್ಸರ್ ಹೇಳದಿದ್ದರೆ ರೈಲು ಬಿಡುವುದಿಲ್ಲ, ಬಿಡಲೂಬಾರದು. 2025ರ ಜೂನ್ 28ಕ್ಕೆ ಶುರುವಾದ ಇದು ಮೊದಲ ಬೇಸಿಗೆಯಲ್ಲೇ ಮೇಲೆ ಜನರಿದ್ದಾಗ ಹಲವು ಬಾರಿ ನಿಂತಿತು. ಸುರಕ್ಷತೆಗಾಗಿಯೇ ನಿಂತದ್ದು, ಆದರೂ ಕೆಳಗಿನ ಸಾಲಿನವರ ಒಂದು ಗಂಟೆ ಹೋಯಿತು.

ಹಳೆಯದನ್ನು ಮಾರ್ಪಡಿಸಿ ಚೆನ್ನಾಗಿ ನಡೆಯುತ್ತಿರುವ ರೈಡುಗಳೂ ಇಲ್ಲುಂಟು, ನನ್ನ ಮತ ಅವಕ್ಕೇ. ಮೈ ನುಜ್ಜುಗುಜ್ಜು ಮಾಡುತ್ತಿದ್ದ ಮೀನ್ ಸ್ಟ್ರೀಕ್ ಎಂಬ ಮರದ ಕೋಸ್ಟರಿನ ಅಟ್ಟಣೆ ಉಳಿಸಿಕೊಂಡು ಮೇಲೆ ಉಕ್ಕಿನ ಹಳಿ ಹಾಸಿ 2018ರಲ್ಲಿ ಸ್ಟೀಲ್ ವೆಂಜೆನ್ಸ್ ಮಾಡಿದರು: 205 ಅಡಿ ಎತ್ತರ, 5,740 ಅಡಿ ಉದ್ದ. ಇಡೀ ಪಾರ್ಕಿನಲ್ಲಿ ಒಂದೇ ರೈಡಿಗೆ ಸಮಯವಿದೆ ಎಂದಾದರೆ ಇದಕ್ಕೇ ಹೋಗಿ. ನಿಂತುಕೊಂಡು ಸವಾರಿ ಮಾಡುತ್ತಿದ್ದ ಮ್ಯಾಂಟಿಸ್‌ಗೆ 2015ರಲ್ಲಿ ಕೂರುವ ಬೋಗಿ ಹಾಕಿ ರುಗರೂ ಎಂದು ಹೆಸರಿಟ್ಟರು. ಅದರ ಸಾಲು ಸಾಮಾನ್ಯವಾಗಿ ಚಿಕ್ಕದು. ಇನ್ನು ವಿಕೆಡ್ ಟ್ವಿಸ್ಟರ್ 2021ಕ್ಕೆ, ನೀರಿನ ರೈಡ್ ಸ್ನೇಕ್ ರಿವರ್ ಫಾಲ್ಸ್ 2024ಕ್ಕೆ ಮುಗಿದವು. ಹಳೆಯ ಚಿತ್ರ ನೋಡಿ ಮಕ್ಕಳಿಗೆ ಮಾತು ಕೊಡಬೇಡಿ.

ಈಗ ಹಣದ ಲೆಕ್ಕ. ಲೆಕ್ಕ ಸುಲಭವಾಗಲಿ ಎಂದು ಕೆಲವು ಅಂಕಿ ಇಟ್ಟುಕೊಳ್ಳೋಣ, ನಿಮ್ಮ ವರ್ಷದ ಬೆಲೆ ಹಾಕಿ ಮತ್ತೆ ಮಾಡಿ. ಆನ್‌ಲೈನ್ ದಿನದ ಟಿಕೆಟ್ 60 ಡಾಲರ್, ಪಾರ್ಕಿಂಗ್ 30, ಗೋಲ್ಡ್ ಪಾಸ್ ಎಂಬ ಸೀಸನ್ ಪಾಸ್ ತೆರಿಗೆ ಮತ್ತು ಶುಲ್ಕ ಸೇರಿ 140, ಮನೆಯಲ್ಲಿ ನಾಲ್ಕು ಜನ, ಒಂದು ಕಾರು. ಒಂದೇ ಸಲ ಹೋದರೆ ಟಿಕೆಟ್ಟಿಗೆ ಒಟ್ಟು 270, ನಾಲ್ಕು ಪಾಸಿಗೆ 560. ಪಾಸಿನ ಮಾತೇ ಬೇಡ. ಎರಡು ಸಲ ಹೋದರೆ ಟಿಕೆಟ್ಟಿಗೆ 540, ಪಾಸಿಗೆ ಅದೇ 560. ಆದರೆ ಕಾರು ಓಡಿಸುವವರೊಬ್ಬರೇ ಪಾಸ್ ಕೊಂಡು ಉಳಿದ ಮೂವರು ದಿನದ ಟಿಕೆಟ್ ತೆಗೆದುಕೊಂಡರೆ 500, ಏಕೆಂದರೆ ಗೋಲ್ಡ್ ಪಾಸಿನ ಪಾರ್ಕಿಂಗ್ ಸೌಲಭ್ಯ ಇಡೀ ಕಾರಿಗೆ ಅನ್ವಯ. ಹೆಚ್ಚಿನವರು ತಪ್ಪುವುದು ಇಲ್ಲೇ, ನಾಲ್ವರಿಗೂ ಪಾಸ್ ಮಾಡಿಸುತ್ತಾರೆ. ಮೂರನೇ ಸಲ ಹೋಗುವುದು ಖಚಿತವಾಗಿದ್ದರೆ ಮಾತ್ರ ನಾಲ್ಕು ಪಾಸ್ ಗೆಲ್ಲುತ್ತದೆ: 560 ಎಲ್ಲಿ, ಟಿಕೆಟ್ಟಿನ 810 ಎಲ್ಲಿ.

ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಕಾಣುವ ಬೆಲೆ ಕಟ್ಟುವ ಬೆಲೆಯಲ್ಲ. ಶುಲ್ಕ, ತೆರಿಗೆ ಸೇರುವುದು ಕೊನೆಯ ಪುಟದಲ್ಲಿ. ಕಾರ್ಡ್ ನಂಬರ್ ಹಾಕುವ ಮುನ್ನ ಆ ಪುಟದ ಮೊತ್ತ ಹಿಡಿದುಕೊಂಡು ಮೇಲಿನ ಲೆಕ್ಕ ಮಾಡಿ. ತಿಂಗಳ ಕಂತು ಆರಿಸಿದರೆ ಅವಧಿ ಮುಗಿದ ಮೇಲೆ ತಾನಾಗಿಯೇ ಮುಂದುವರಿಯುವ ಷರತ್ತು ಇದೆಯೇ ನೋಡಿ. ಮುಂದಿನ ವರ್ಷದ ಪಾಸ್ ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ಮಾರಾಟಕ್ಕೆ ಬರುತ್ತದೆ. ಕಡಿಮೆ ಬೆಲೆ ಸಿಗುವುದೂ ಆಗಲೇ, ಹಲವು ಸಲ ಅದೇ ಪಾಸಿನಲ್ಲಿ ಈ ವರ್ಷದ ಶರತ್ಕಾಲವೂ ಸೇರಿರುತ್ತದೆ. ಮೇ ತಿಂಗಳವರೆಗೆ ಕಾದವರು ಹೆಚ್ಚು ಕೊಡುತ್ತಾರೆ. ಇನ್ನೂ ಶಾಲೆ ಸೇರದ 3ರಿಂದ 5 ವರ್ಷದ ಮಕ್ಕಳಿಗೆ ಪ್ರಿ-ಕೆ ಪಾಸ್ ಎಂಬ ಉಚಿತ ಪಾಸ್ ಕೊಡುವುದುಂಟು. ಆನ್‌ಲೈನ್ ನೋಂದಣಿಗೆ ಕೊನೆಯ ದಿನಾಂಕವಿರುತ್ತದೆ, ವಸಂತದಲ್ಲೇ ಹುಡುಕಿ.

2024ರ ಜುಲೈ 1ಕ್ಕೆ ಈ ಪಾರ್ಕಿನ ಒಡೆತನದ ಸೀಡರ್ ಫೇರ್ ಮತ್ತು ಇನ್ನೊಂದು ಪಾರ್ಕ್ ಕಂಪನಿ ಸಿಕ್ಸ್ ಫ್ಲ್ಯಾಗ್ಸ್ ಒಂದಾದ ಮೇಲೆ ಆಲ್ ಪಾರ್ಕ್ ಪಾಸ್‌ಪೋರ್ಟ್ ಎಂಬ ಹೆಚ್ಚುವರಿ ಸೌಲಭ್ಯ ಎರಡೂ ಕಡೆಯ ಪಾರ್ಕುಗಳಿಗೆ ಸಿಗುವಂತಾಯಿತು. ಸಿನ್ಸಿನಾಟಿ ಹತ್ತಿರದ ಕಿಂಗ್ಸ್ ಐಲ್ಯಾಂಡ್, ಶಿಕಾಗೋ ಬಳಿಯ ಗ್ರೇಟ್ ಅಮೆರಿಕದಂಥ ಬೇರೆ ಪಾರ್ಕುಗಳಿಗೂ ಅದೇ ಬೇಸಿಗೆ ಹೋಗುವವರಿಗೆ ಮಾತ್ರ ಅದು ಲಾಭ. ಒಂದೇ ಕಂಪನಿಯ ಪಾರ್ಕುಗಳಲ್ಲೂ ಪಾಸ್ ಬೆಲೆ ಬೇರೆಬೇರೆ ಇದ್ದದ್ದುಂಟು. ಹೋಲಿಸಿ ನೋಡದೆ ಕೊಳ್ಳಬೇಡಿ.

ಹೋಗುವ ದಾರಿ ಕಾರಿನವರಿಗೆ ತೊಂದರೆಯಿಲ್ಲ. ಕಾರಿಲ್ಲದ ವಿದ್ಯಾರ್ಥಿಗಳು ಮೋಸ ಹೋಗುವುದು ರೈಲಿನಲ್ಲಿ. ಸ್ಯಾಂಡಸ್ಕಿಯಲ್ಲಿ ಆಮ್‌ಟ್ರ್ಯಾಕ್ ನಿಲ್ದಾಣವಿದೆ, ಶಿಕಾಗೋದಿಂದ ನೇರ ರೈಲೂ ಇದೆ, ನಕ್ಷೆಯಲ್ಲಿ ಎಲ್ಲ ಸೊಗಸಾಗಿ ಕಾಣುತ್ತದೆ. ಆದರೆ ಇಲ್ಲಿ ರೈಲು ನಿಲ್ಲುವುದೆಲ್ಲ ಮಧ್ಯರಾತ್ರಿ ದಾಟಿ ಬೆಳಕು ಹರಿಯುವುದರೊಳಗೆ. ಗೂಡ್ಸ್ ಗಾಡಿಗಳಿಗೆ ದಾರಿ ಬಿಟ್ಟು ಎರಡು ಮೂರು ಗಂಟೆ ತಡವಾಗುವುದೂ ಸಾಮಾನ್ಯ. ಆ ಹೊತ್ತಿನಲ್ಲಿ ಬಸ್ಸಿಲ್ಲ, ಬಾಡಿಗೆ ಕಾರು ಸಿಗುವ ಖಾತರಿಯಿಲ್ಲ. ಹೋಟೆಲಿನವರು ರೂಮು ಕೊಡುವುದು ಮಧ್ಯಾಹ್ನ. ಹಿಂದಿನ ರಾತ್ರಿಗೂ ರೂಮಿನ ಬಾಡಿಗೆ ಕಟ್ಟಬೇಕಾದೀತು. ನಾಲ್ಕು ಜನ ಸೇರಿ ಒಂದು ಕಾರು ಬಾಡಿಗೆಗೆ ತೆಗೆದುಕೊಂಡರೆ ಖರ್ಚೂ ಕಡಿಮೆ, ಜೀವಕ್ಕೂ ಹಿತ.

ರೂಮಿನ ವಿಷಯದಲ್ಲಿ ಒಂದೇ ಮಾತು: ಶನಿವಾರ ರಾತ್ರಿ ಸ್ಯಾಂಡಸ್ಕಿಯಲ್ಲಿ ಉಳಿಯಬೇಡಿ. ರೂಟ್ 250ರ ಅದೇ ಸವೆದ ಕಾರ್ಪೆಟ್ಟಿನ ಮೋಟೆಲ್ ರೂಮಿಗೆ ಮಂಗಳವಾರಕ್ಕೂ ಜುಲೈ ಶನಿವಾರಕ್ಕೂ ಇರುವ ಬಾಡಿಗೆಯ ಅಂತರ ನೋಡಿದರೆ ಎದೆ ಝಲ್ಲೆನ್ನುತ್ತದೆ. ಕೆಲವು ಮೋಟೆಲಿನವರು ಎರಡು ರಾತ್ರಿ ಕಡ್ಡಾಯ ಎನ್ನುತ್ತಾರೆ. ನಾರ್ವಾಕ್, ಫ್ರೀಮಾಂಟ್ ಊರುಗಳಲ್ಲಿ ನೋಡಿ. ಅರ್ಧ ಮುಕ್ಕಾಲು ಗಂಟೆಯ ದಾರಿ ಅಷ್ಟೆ.

ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಅದಕ್ಕೇ ಚಿತ್ರಾನ್ನ, ಮೊಸರನ್ನ ಐಸ್ ಪೆಟ್ಟಿಗೆಯಲ್ಲಿಟ್ಟು ಕಾರಿನಲ್ಲೇ ಬಿಡಿ. ಮಧ್ಯಾಹ್ನ ಹೊರಬಂದು ತಿಂದು ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಹೋಗಬಹುದು, ಹೊರಬರುವಾಗ ಬಾಗಿಲಿನಲ್ಲಿ ಹೇಳಿ ಬನ್ನಿ. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಕಡಿಮೆ ಹಾಕಿ ಕಲಸಿ, ಇಲ್ಲವಾದರೆ ಜುಲೈ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಒಳಗೆ ಕೊಳ್ಳುವುದಾದರೆ ಅಲ್ಲೇ ಹೆಚ್ಚಿ ಕರಿಯುವ ಆಲೂಗಡ್ಡೆ ಫ್ರೈಸ್. ಸಿಪ್ಪೆ ಸಮೇತ ದಪ್ಪ ತುಂಡು, ಮೇಲೆ ಉಪ್ಪು, ಮಾಲ್ಟ್ ವಿನೆಗರ್. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಅದೇ ಎಣ್ಣೆಯಲ್ಲಿ ಕೋಳಿ ಕರಿಯುತ್ತಾರೆಯೇ ಎಂದು ಆ ಅಂಗಡಿಯಲ್ಲೇ ಕೇಳಿ. ಕೌಂಟರಿನಲ್ಲಿ ಕೇಳಿದರೆ ಒಂದು ಲೋಟ ನೀರು ಪುಕ್ಕಟೆ ಕೊಡುತ್ತಾರೆ. ಪಾರ್ಕಿನೊಳಗೆ ನಗದು ನಡೆಯುವುದಿಲ್ಲ. ಊರಿನಿಂದ ಡಾಲರ್ ನೋಟು ತಂದ ಹಿರಿಯರ ಕೈಗೆ ಒಂದು ಕಾರ್ಡ್ ಕೊಟ್ಟಿರಿ.

ಸಂಜೆ ಹೊರಬಂದವರು ಊರಿನ ಪಶ್ಚಿಮಕ್ಕೆ ವೆನಿಸ್ ರಸ್ತೆಯ ಟಾಫ್ಟ್ಸ್ ಐಸ್‌ಕ್ರೀಮ್ ಅಂಗಡಿಗೆ ಹೋಗಲೇಬೇಕು. 1900ರಿಂದ ನಡೆಯುತ್ತಿರುವ ಡೇರಿಯವರದೇ ಅಂಗಡಿ, ಪಾರ್ಕಿನಿಂದ ಸುಮಾರು 20 ನಿಮಿಷ. ಒಂದು ಡಿಪ್ ಎಂದು ಕೇಳಿದರೆ ಬೇರೆ ಕಡೆ ಎರಡು ಎಂದು ಕೊಡುವಷ್ಟು ದೊಡ್ಡ ಉಂಡೆ ಕೋನಿನ ಮೇಲೆ ಕೂರಿಸುತ್ತಾರೆ. ಎರಡು ಡಿಪ್ ಮಕ್ಕಳಿಗೆ ಕೊಡಿಸಬೇಡಿ, ಅರ್ಧ ಕರಗಿ ಮೊಣಕೈವರೆಗೆ ಇಳಿಯುತ್ತದೆ. ಚಿಕ್ಕದನ್ನೇ ಲೋಟದಲ್ಲಿ ಕೇಳಿ ಇಬ್ಬರಿಗೆ ಹಂಚಿ. ಹಾಲಿನ ಕೆನೆಯ ರುಚಿ ನಾಲಗೆಗೆ ಹತ್ತುತ್ತದೆ, ಬರೀ ಗಾಳಿ ತುಂಬಿದ ಐಸ್‌ಕ್ರೀಮ್ ಅಲ್ಲ. ಪಾರ್ಕಿನೊಳಗಿನ ಬೆಲೆ ನೋಡಿ ಬಂದವರಿಗೆ ಇಲ್ಲಿನ ಬಿಲ್ಲು ಕಂಡು ಸಮಾಧಾನವಾಗುತ್ತದೆ. ಮಾರ್ಷ್‌ಮ್ಯಾಲೊ ಇರುವ ಬಗೆಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರಬಹುದು, ಸಸ್ಯಾಹಾರಿಗಳು ಅವನ್ನು ಬಿಡಿ. ಮುಚ್ಚುವ ವೇಳೆ ನೋಡಿಕೊಂಡು ಹೊರಡಿ.

ಸಾಲಿನ ಉದ್ದ ನೋಡಿ ಕಾಯುವ ಹೊತ್ತು ಅಳೆಯಬೇಡಿ, ರೈಲಿನ ಸೀಟು ಎಣಿಸಿ. ಮಿಲೇನಿಯಂ ಫೋರ್ಸ್‌ನ ಒಂದು ರೈಲಿನಲ್ಲಿ 36 ಜನ, ಸ್ಟೀಲ್ ವೆಂಜೆನ್ಸ್‌ನಲ್ಲಿ 24, ಮಾವರಿಕ್‌ನಲ್ಲಿ 12 ಮಾತ್ರ. ಆದ್ದರಿಂದ ಬಾಗಿಲು ತೆರೆದ ಕೂಡಲೇ ಮುಂಬಾಗಿಲ ಹತ್ತಿರದ ರ‍್ಯಾಪ್ಟರ್, ವಾಲ್‌ರೇವನ್ ಕಡೆ ಜನ ನುಗ್ಗುವಾಗ ನೀವು ಹಿಂಭಾಗಕ್ಕೆ ನಡೆದು ಮೊದಲು ಮಾವರಿಕ್, ಆಮೇಲೆ ಸ್ಟೀಲ್ ವೆಂಜೆನ್ಸ್ ಮುಗಿಸಿ. ಎರಡಕ್ಕೂ 52 ಅಂಗುಲ ಎತ್ತರ ಬೇಕು, ಮಿಲೇನಿಯಂ ಫೋರ್ಸ್, ಮ್ಯಾಗ್ನಂಗೆ 48, ರ‍್ಯಾಪ್ಟರ್‌ಗೆ 54. ಮನೆಯಲ್ಲೇ ಮಕ್ಕಳನ್ನು ಅಳೆದುಕೊಂಡು ಬನ್ನಿ. ಒಂದೂವರೆ ಗಂಟೆ ನಿಂತ ಮೇಲೆ ಅರ್ಧ ಅಂಗುಲಕ್ಕೆ ವಾಪಸು ಕಳಿಸಿದರೆ ಆ ಮಗುವಿನ ದಿನವೇ ಹಾಳು.

ಸ್ಟೀಲ್ ವೆಂಜೆನ್ಸ್‌ನಲ್ಲಿ ಸೀಟಿನಿಂದ ದೇಹ ಮೇಲೇಳುವುದು ಹೆಚ್ಚು, ಜೇಬಿನಲ್ಲಿದ್ದದ್ದು ಹಾರಿಹೋಗುತ್ತದೆ. 2018ರಲ್ಲೇ ಅದರ ಸಾಲಿನೊಳಗೂ ಫೋನ್ ಬೇಡ ಎಂದು ನಿಯಮ ಮಾಡಿದ್ದು ಅದಕ್ಕೇ. ಪ್ರವೇಶದ ಫಲಕ ಓದಿ, ಫೋನು, ಕಾರಿನ ಕೀ ಎಲ್ಲ ರೈಡಿಗೆ ಬಾರದ ಹಿರಿಯರ ಕೈಗೆ ಕೊಟ್ಟು ನಿಲ್ಲಿ. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ ಬೇಕೇ ಬೇಕು. ಕತ್ತಿನ ಸರ, ತಾಳಿ ಒಳಗೆ ಸೇರಿಸಿ. ದುಪಟ್ಟಾ ಕಾರಿನಲ್ಲೇ ಇರಲಿ. ಚಪ್ಪಲಿ ಬೇಡ, ಲೇಸ್ ಕಟ್ಟುವ ಶೂ ಹಾಕಿ.

ಅಕ್ಟೋಬರ್ ಶನಿವಾರಗಳಲ್ಲಿ ಹ್ಯಾಲೋವೀಕೆಂಡ್ಸ್ ಎಂಬ ಹ್ಯಾಲೋವೀನ್ ಜಾತ್ರೆ. ಜನರ ನೂಕುನುಗ್ಗಲು ಸಹಿಸದವರು ಆ ದಿನ ಮನೆಯಲ್ಲಿರುವುದೇ ಲೇಸು. ಇಡೀ ದಿನಕ್ಕೆ ನಾಲ್ಕೈದು ರೈಡ್ ಸಿಕ್ಕರೆ ಹೆಚ್ಚು. ಒಹಾಯೊ ಶಾಲೆಗಳು ಶುರುವಾದ ಮೇಲೆ ಆಗಸ್ಟ್ ಕೊನೆಯ ವಾರದ ದಿನಗಳು ಚೆನ್ನ, ಆದರೆ ಪಾರ್ಕು ತೆರೆದಿರುತ್ತದೆಯೇ ಎಂದು ಅವರ ಕ್ಯಾಲೆಂಡರ್ ನೋಡಿಕೊಳ್ಳಿ. ಜೂನ್ ಕೊನೆಗೆ ಈರಿ ಸರೋವರದಿಂದ ಮೇಫ್ಲೈ ಹುಳುಗಳು ಮೋಡದಂತೆ ಏಳುತ್ತವೆ. ಕಚ್ಚುವುದಿಲ್ಲ, ಬಟ್ಟೆಗೆ ಅಂಟಿಕೊಳ್ಳುತ್ತವೆ, ದೀಪದ ಕಂಬದ ಕೆಳಗೆ ರಾಶಿ ಬೀಳುತ್ತವೆ. ಬಿಳಿ ಬಟ್ಟೆ ಬೇಡ. ಪಾರ್ಕಿನ ಮೂರು ಕಡೆಯೂ ನೀರಾದ್ದರಿಂದ ಗಾಳಿ ಜೋರಾದರೆ ಮೊದಲು ನಿಲ್ಲುವುದು ಎತ್ತರದ ರೈಡುಗಳು, ಮಿಂಚು ಕಂಡರೆ ಎಲ್ಲವೂ. ಮುನ್ಸೂಚನೆಯಲ್ಲಿ ಮಳೆಗಿಂತ ಗಾಳಿಯ ವೇಗ ನೋಡಿ. ಚಿಕ್ಕ ಮಳೆ ಬಂದು ಹೋದರೆ ಅದು ಒಳ್ಳೆಯದೇ, ಅರ್ಧ ಜನ ಮನೆಗೆ ಹೊರಡುತ್ತಾರೆ.

ಮುಚ್ಚುವ ವೇಳೆಗೆ ಮೊದಲೇ ಸಾಲಿನಲ್ಲಿ ನಿಂತವರನ್ನು ಹತ್ತಿಸಿಯೇ ಕಳಿಸುತ್ತಾರೆ. ಮುಚ್ಚಲು ಹತ್ತು ನಿಮಿಷವಿರುವಾಗ ಮಿಲೇನಿಯಂ ಫೋರ್ಸ್ ಸಾಲಿಗೆ ಸೇರಿ. 310 ಅಡಿ ಮೇಲಿನಿಂದ ಒಂದು ಕಡೆ ಕತ್ತಲೆಯ ಸರೋವರ, ಇನ್ನೊಂದು ಕಡೆ ಸ್ಯಾಂಡಸ್ಕಿಯ ದೀಪಗಳು ಕಾಣುತ್ತವೆ. ಇಳಿದು ಕಾರಿಗೆ ಬರುವಷ್ಟರಲ್ಲಿ ಸೇತುವೆ ರಸ್ತೆಯ ವಾಹನಗಳ ಸಾಲೂ ಕರಗಿರುತ್ತದೆ.