ಸುದ್ದಿ ಇಲ್ಲದ ದಿನದ ನೋಟಿಸು

18 ಜನವರಿ 2025, ಶನಿವಾರ
ಕೊಡಗಿನ ಸಿದ್ದಾಪುರದ ಹತ್ತಿರ

ನಮ್ಮ ಕಾಫಿ ತೋಟದ ಕೆಲಸಗಾರರು ಬೋನಸ್‌ಗಾಗಿ ಮುಷ್ಕರದಲ್ಲಿದ್ದೇವೆ. ಇವತ್ತು ಟೀ ಅಂಗಡಿ ಪಕ್ಕದ ಸಂಘದ ಬೋರ್ಡಿನಲ್ಲಿ ನಾನು ಬರೆದದ್ದು ಇಷ್ಟೇ: "ಶನಿವಾರ, ಮಧ್ಯಾಹ್ನ 3 ಗಂಟೆ. ಮಾಲೀಕರ ಕಡೆಯಿಂದ ಹೊಸ ಮಾತು ಬಂದಿಲ್ಲ. ನಾವೂ ಯಾವುದಕ್ಕೂ ಒಪ್ಪಿಲ್ಲ. ಮಂಗಳವಾರ ಮಡಿಕೇರಿಯಲ್ಲಿ ಕಾರ್ಮಿಕ ಅಧಿಕಾರಿಗಳ ಎದುರು ಮಾತುಕತೆ."

ಸಂಘದ ಅಧ್ಯಕ್ಷರು ಓದಿ ನಕ್ಕರು. "ಏನೂ ಆಗಿಲ್ಲ ಅನ್ನೋದಕ್ಕೂ ನೋಟಿಸು ಬೇಕಾ ಮಾರಾಯ?"

ಬೇಕು. ನಾವು ಬರೆಯದಿದ್ದರೆ ಬೇರೆಯವರು ಬರೀತಾರೆ. ಬೆಳಿಗ್ಗೆಯಿಂದ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಓಡಾಡುತ್ತಿತ್ತು. ದನಿ ಯಾರದೋ ಗೊತ್ತಿಲ್ಲ. ಕಮಿಟಿಯವರು ಒಳಗೊಳಗೇ ಒಪ್ಪಿಕೊಂಡಾಗಿದೆ, ಸೋಮವಾರದಿಂದ ಕೆಲಸ, ಬರದವರ ಲೈನ್ ಮನೆ, ಅಂದರೆ ತೋಟದವರು ಕೆಲಸಗಾರರಿಗೆ ಕೊಟ್ಟ ಸಾಲು ಮನೆ, ಖಾಲಿ ಮಾಡಿಸ್ತಾರೆ ಅಂತ. ಒಂದೇ ಉಸಿರಿಗೆ ಮೂರು ಸುಳ್ಳು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಲೈನಿನಲ್ಲಿ ಎರಡು ಮನೆಯವರು ಪಾತ್ರೆ ಕಟ್ಟಿಡಲು ಶುರು ಮಾಡಿದ್ದರು.

ಮೊದಲೆರಡು ಸುಳ್ಳಿಗೆ ಯಾರೂ ಅಷ್ಟು ಹೆದರಲಿಲ್ಲ. ಮೂರನೆಯದೇ ನಾಟಿದ್ದು. ಯಾಕೆ ಅನ್ನೋದು ಮುಂಬಯಿ ಜೊತೆ ಹೋಲಿಸಿದರೆ ಗೊತ್ತಾಗುತ್ತೆ. 1982ರಲ್ಲಿ ಇದೇ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಗಿತ್ತು. ದತ್ತಾ ಸಾಮಂತ್ ಮುಂದಾಳು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಮುಷ್ಕರ ಮುಗಿಯಿತು ಅಂತ ಕಡೆಗೂ ಯಾರೂ ಘೋಷಿಸಲೇ ಇಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ಕೊಂಕಣದಲ್ಲಿ ಒಂದು ಊರು ಅಂತ ಇತ್ತು, ಸಂಬಳ ನಿಂತಾಗ ಹೋಗಿ ಕಾಲೂರಬಹುದಿತ್ತು. ನಮ್ಮ ಲೈನಿನವರಿಗೆ ಊರೂ ತೋಟವೇ, ಮನೆಯೂ ತೋಟದ್ದೇ. ಸಂಬಳ ನಿಲ್ಲಿಸಿದವರ ಸೂರಿನಡಿಯಲ್ಲೇ ಮಲಗಬೇಕು. ಹೆದರಿಕೆ ಆಗದೇ ಇರುತ್ತಾ?

ಮಧ್ಯಾಹ್ನದ ಸಭೆಯಲ್ಲಿ ಕಾನೂನು ಓದಿ ಹೇಳಿದೆವು. ಲೈನ್ ಮನೆ ಯಾರ ದಾನವೂ ಅಲ್ಲ, 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಪ್ರಕಾರ ಮಾಲೀಕರು ಕೊಡಲೇಬೇಕಾದದ್ದು. ಸಂಧಾನ ನಡೀತಿರುವಾಗ ಕೆಲಸದ ಷರತ್ತುಗಳನ್ನು ನಮಗೆ ತೊಂದರೆಯಾಗುವ ಹಾಗೆ ಬದಲಾಯಿಸುವಂತಿಲ್ಲ ಅಂತ ಕೈಗಾರಿಕಾ ವಿವಾದ ಕಾಯ್ದೆಯ 33ನೇ ಕಲಮಿನಲ್ಲಿತ್ತು. ಎಲ್ಲರೂ ತಲೆ ಆಡಿಸಿದರು. ಮುಖದಲ್ಲಿ ಧೈರ್ಯ ಏನೂ ಕಾಣಲಿಲ್ಲ. ಆಮೇಲೆ ಅಧ್ಯಕ್ಷರು ಎದ್ದು, "ನನ್ನ ಮನೆಯೂ ಅದೇ ಲೈನಲ್ಲಿದೆ. ನನ್ನ ಹೆಂಡತಿ ಪಾತ್ರೆ ಕಟ್ಟಿದ್ದು ನೋಡಿದ್ರೆ ನೀವೂ ಕಟ್ಟಿ" ಅಂದರು. ಜನ ನಕ್ಕರು. ಕಲಮಿಗಿಂತ ಅದೇ ಜಾಸ್ತಿ ಕೆಲಸ ಮಾಡಿತು.

ಸಭೆ ನಾಲ್ಕು ಗಂಟೆಗೇ ಮುಗಿಸುತ್ತೇವೆ. ಕತ್ತಲಾದರೆ ಆನೆ ಕಾಟ. ಹೊರಗಿನ ನಾಯಕರು ಬಂದರೆ ಇದು ಅರ್ಥವಾಗುವುದಿಲ್ಲ. ಸಂಜೆ ಆರಕ್ಕೆ ಭಾಷಣ ಅಂತಾರೆ, ಆಮೇಲೆ ಅವರು ಜೀಪಿನಲ್ಲಿ ಹೋಗ್ತಾರೆ, ನಾವು ಕಾಫಿ ಗಿಡದ ನಡುವೆ ನಡೆದು ಹೋಗಬೇಕು.

ಬೋರ್ಡು ಕನ್ನಡದಲ್ಲಿದೆ, ಆದರೆ ಲೈನಿನಲ್ಲಿ ತಮಿಳು, ಮಲಯಾಳ, ತುಳು, ಯರವರ ಭಾಷೆ ಎಲ್ಲಾ ಇವೆ. ಕೆಲವು ಹಿರಿಯರ ಹತ್ತಿರ ಫೋನೇ ಇಲ್ಲ. ಅದಕ್ಕೇ ಬೋರ್ಡಿನಲ್ಲಿರುವುದನ್ನೇ, ಒಂದು ಮಾತೂ ಹೆಚ್ಚು ಕಮ್ಮಿ ಮಾಡದೆ, ಲೈನಿಗೊಬ್ಬ ಹೆಂಗಸು ಮನೆಮನೆಗೆ ಹೋಗಿ ಅವರವರ ಭಾಷೆಯಲ್ಲಿ ಹೇಳಿ ಬರುತ್ತಾಳೆ. ಈ ಕೆಲಸಕ್ಕೆ ಗಂಡಸರು ಆಗುವುದಿಲ್ಲ. ದಾರಿಯಲ್ಲಿ ತಮ್ಮ ಅಭಿಪ್ರಾಯ ಸೇರಿಸಿಬಿಡುತ್ತಾರೆ, ನಾನೂ ಸೇರಿ.

ದೊಡ್ಡ ಜಗಳ ಅಕ್ಕಿ ವಿಷಯಕ್ಕೆ ಆಯಿತು. ಸಹಾಯ ನಿಧಿಯ ಅಕ್ಕಿ ಇನ್ನೆರಡು ವಾರಕ್ಕೆ ಮಾತ್ರ. ಇದನ್ನು ಹೇಳಬೇಕೋ ಬೇಡವೋ? ಖಜಾಂಚಿ ಬೇಡ ಅಂದರು. ಮೇಸ್ತ್ರಿ ಕಿವಿಗೆ ಬಿದ್ದರೆ ಅರ್ಧ ಗಂಟೆಯಲ್ಲಿ ದೊರೆ ಬಂಗಲೆಗೆ ಮುಟ್ಟುತ್ತೆ ಅಂತ. ನಿಜವೇ. ಆದರೆ ಕೇರಳದ ಮುನ್ನಾರಿನಲ್ಲಿ ಸಂಬಂಧಿಕರಿರುವ ಅಕ್ಕ ಒಬ್ಬರು ಸುಮ್ಮನಿರಲಿಲ್ಲ. "ಅಲ್ಲಿ 2015ರಲ್ಲಿ ಏನಾಯ್ತು ಗೊತ್ತಲ್ವಾ? ಹೆಂಗಸರು ಯೂನಿಯನ್ ಲೀಡರ್‌ಗಳನ್ನೇ ಹತ್ತಿರ ಬಿಡಲಿಲ್ಲ. ಮುಚ್ಚಿಟ್ಟರೆ ನಮಗೂ ಅದೇ ಗತಿ."

ಅದು ಟೀ ತೋಟದ ಹೆಂಗಸರು ಪೆಂಬಿಳೈ ಒರುಮೈ (ಹೆಂಗಸರ ಒಗ್ಗಟ್ಟು) ಅಂತ ಒಟ್ಟಾಗಿ ಕೂತ ಮುಷ್ಕರ. ಕೇಳಿದ್ದು 20% ಬೋನಸ್. ಒಂಬತ್ತು ದಿನ ರಸ್ತೆಯಲ್ಲಿ ಕೂತರು. ಕೊನೆಗೆ 8.33% ಬೋನಸ್, ಉಳಿದ 11.67% ವಿಶೇಷ ಪಾವತಿ ಅಂತ ಹೆಸರು ಹಾಕಿ ಕೊಟ್ಟರು. ಲೆಕ್ಕ ಕೂಡಿದರೆ ಅದೇ 20. ನಾವು ಕೇಳುತ್ತಿರುವುದೂ ಅಷ್ಟೇ, ಜೊತೆಗೆ ಸೋರುವ ಲೈನ್ ಮನೆಗಳ ರಿಪೇರಿ. ರೋಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಚೀಲಕ್ಕೆ 10 ಸಾವಿರ ದಾಟಿರುವ ವರ್ಷದಲ್ಲಿ ಇದೇನು ಆಕಾಶ ಕೇಳಿದ ಹಾಗಲ್ಲ.

ಅಕ್ಕಿ ಲೆಕ್ಕ ಹೇಳಿದೆವು. ಎಷ್ಟು ಬಂತು, ಯಾರಿಗೆ ಎಷ್ಟು ಹೋಯಿತು, ಎಷ್ಟು ಉಳಿದಿದೆ. ಒಬ್ಬ ಪೇಟೆಯಲ್ಲಿ ಕೂಲಿ ಸಿಕ್ಕಿದೆ, ನನ್ನ ಪಾಲು ಬೇಡ ಅಂದ. ಅವನ ಹಿಂದೆಯೇ ಇನ್ನೂ ನಾಲ್ಕೈದು ಕೈ ಎದ್ದವು. ಖಜಾಂಚಿ ಮಾತಾಡಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡರು.

ಹಾಗಂತ ಎಲ್ಲವನ್ನೂ ಹೇಳುವುದಿಲ್ಲ. ಬೋನಸ್‌ನಲ್ಲಿ ಎಲ್ಲಿಯವರೆಗೆ ಇಳಿಯಬಹುದು ಅನ್ನುವುದು ಕಮಿಟಿಯಲ್ಲೇ ಇರುತ್ತೆ. ಮಾಲೀಕರು ಏನು ಕೊಡ್ತೀವಿ ಅಂದರು ಅನ್ನುವುದು ಮಾತ್ರ ಅದೇ ದಿನ ಬೋರ್ಡಿಗೆ. ಈ ಗೆರೆ ಎಲ್ಲರಿಗೂ ಒಪ್ಪಿಗೆ ಅಂತ ಹೇಳಲಾರೆ. "ಗುಟ್ಟು ಇಟ್ಟುಕೊಳ್ಳೋದಾದರೆ ವೋಟು ಯಾಕೆ ಹಾಕಿಸ್ಕೊಂಡ್ರಿ?" ಅಂತ ಹಿಂದಿನಿಂದ ಒಬ್ಬರು ಕೇಳಿದರು. ಉತ್ತರ ಹೇಳಿದೆವು, ಅವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ಇನ್ನೊಂದು ತಲೆನೋವು ಅಸ್ಸಾಮಿನಿಂದ ಕುಯ್ಲಿಗೆ ಬಂದವರದ್ದು. ಕಂಟ್ರಾಕ್ಟರ್ ಕರೆತಂದವರು, ಸಂಘದಲ್ಲಿ ಇಲ್ಲ. ಹಣ್ಣು ಉದುರುತ್ತಿದೆ, ಅವರನ್ನೇ ಕೆಲಸಕ್ಕೆ ಇಳಿಸುತ್ತಾರೆ ಅಂತ ಸುದ್ದಿ. ಹುಡುಗರು ತಡೀತೀವಿ ಅಂತ ಎಗರಾಡಿದರು. ಬೇಡ ಅಂದೆವು. ಅವರ ವಿರುದ್ಧ ಅಲ್ಲ ಈ ಮುಷ್ಕರ. ಹಿಂದಿ ಬರುವ ಒಬ್ಬ ಹುಡುಗ ನಾಳೆ ಅವರ ಶೆಡ್ಡಿಗೆ ಹೋಗಿ ನಮ್ಮ ಬೇಡಿಕೆಗಳನ್ನು ಹೇಳಿ ಬರುತ್ತಾನೆ. ಅವರೂ ತಗಡಿನಡಿಯಲ್ಲೇ ಮಲಗುವವರು, ಕೇಳಿಸಿಕೊಂಡಾರು.

ಮಂಗಳವಾರ ಮಡಿಕೇರಿಗೆ ಕಮಿಟಿಯವರ ಜೊತೆ ಲೈನಿನಿಂದ ಇಬ್ಬರು ಹೋಗಬೇಕು ಅಂತ ತೀರ್ಮಾನ. ಒಳಗೆ ಬಿಡದಿದ್ದರೂ ಬಾಗಿಲಲ್ಲಿರಲಿ, ಹೊರಬಂದ ಕೂಡಲೇ ಅವರ ಬಾಯಿಂದಲೇ ಸುದ್ದಿ ಬರಲಿ. ಮುನ್ನಾರಿನ ಮಾತೆತ್ತಿದ ಅಕ್ಕನ ಹೆಸರು ಮೊದಲು ಬಂತು.

"ಬರ್ತೀನಿ. ಮಕ್ಕಳನ್ನ ಯಾರು ನೋಡ್ಕೋತಾರೆ ಅಂತ ಅದನ್ನೂ ಬೋರ್ಡಲ್ಲಿ ಬರೀರಿ" ಅಂದರು.

ಬರೆದಿದ್ದೇನೆ.