ಆಸಿಮೋ ಮಾಮಾ

ನಮ್ಮ ಮನೆಯಲ್ಲಿ ಈಗ ಎರಡು ಕಾಲಿನ ರೋಬೋಟ್‌ಗಳದ್ದೇ ಮಾತು. ಮಗಳು ಶಾಲೆಗೆ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಹಾಗಾಗಿ ಊರಿಂದ ಬಂದ ಅಣ್ಣನೂ ಅದರಲ್ಲಿ ಸಿಕ್ಕಿಹಾಕಿಕೊಂಡ.

ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್‌ನಿಂದ ನಮ್ಮ ಬಿಲ್ಡಿಂಗ್‌ಗೆ ನಡೆದೇ ಹೊರಟಿದ್ದೆವು. ರಿಕ್ಷಾದ ಸಾಲು ನೋಡಿದರೆ ನಡೆಯುವುದೇ ವಾಸಿ. ಅರ್ಧ ದಾರಿಗೆ ಅಣ್ಣ ಒಂದು ಅಂಗಡಿ ಕಟ್ಟೆ ಮೇಲೆ ಕೂತುಬಿಟ್ಟ. ಬೆವರು ಒರೆಸಿಕೊಂಡು "ಇನ್ನೂ ಎಷ್ಟು ದೂರ ಐತಿ?" ಅಂದ. ಮಗಳು ಅವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: "ಮಾಮಾ, ನೀ ಆಸಿಮೋ ಇದ್ದಂಗ ಇದ್ದೀ. ಬ್ಯಾಟರಿ ಸಾಲಂಗಿಲ್ಲ."

ಅಣ್ಣ ಜೋರಾಗಿ ನಕ್ಕ. ಆಸಿಮೋ ಯಾರು ಅಂತ ರಾತ್ರಿ ಊಟಕ್ಕೆ ಕೂತಾಗ ತಿಳಿದ ಮೇಲೆ ನಗು ಸ್ವಲ್ಪ ಕಮ್ಮಿಯಾಯಿತು.

ಆಸಿಮೋ ಅಂದರೆ ಹೋಂಡಾ ಕಂಪನಿ 2000ದಲ್ಲಿ ತೋರಿಸಿದ ರೋಬೋಟ್. ಬೆನ್ನಿಗೆ ಚೀಲ ಹಾಕಿಕೊಂಡ ಶಾಲೆ ಹುಡುಗನ ಹಾಗೆ ಕಾಣುತ್ತದೆ. ನಡೆಯುವಾಗ ಮೊಣಕಾಲು ಯಾವಾಗಲೂ ಸ್ವಲ್ಪ ಬಗ್ಗಿಯೇ ಇರುತ್ತದೆ. ನೀವೂ ಮೊಣಕಾಲು ಬಗ್ಗಿಸಿಕೊಂಡು ಅಡುಗೆಮನೆಯಿಂದ ಹಾಲ್‌ಗೆ ನಡೆದು ನೋಡಿ, ತೊಡೆ ಉರಿಯುತ್ತದೆ. ಆಸಿಮೋದ ಕೀಲುಗಳಲ್ಲಿರುವ ಮೋಟರುಗಳಿಗೂ ಅದೇ ಪಾಡು, ಪುರುಸೊತ್ತೇ ಇಲ್ಲ. 2005ರಲ್ಲಿ ಕೆಲವು ಸಂಶೋಧಕರು ಒಂದು ಲೆಕ್ಕ ಹಾಕಿದರು. ಅಷ್ಟೇ ತೂಕವನ್ನು ಅಷ್ಟೇ ದೂರ ನಡೆಸಲು ಆಸಿಮೋಗೆ ಮನುಷ್ಯನಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಶಕ್ತಿ ಬೇಕು.

ಮಗಳಿಗೆ ಹುಚ್ಚು ಹಿಡಿಸಿರುವುದು ಮಾತ್ರ ಆಸಿಮೋ ಅಲ್ಲ. ಟ್ಯಾಡ್ ಮೆಕ್‌ಗೀರ್ ಅನ್ನುವ ಎಂಜಿನಿಯರ್ ಕೆನಡಾದಲ್ಲಿ ಮಾಡಿದ, ಬರೀ ಕಾಲುಗಳದ್ದೇ ಆದ ಜೋಡಣೆ. 1990ರಲ್ಲಿ ಅದರ ಬಗ್ಗೆ ಬರೆದರು. ಮೋಟರ್ ಇಲ್ಲ, ಬ್ಯಾಟರಿ ಇಲ್ಲ, ಕಂಪ್ಯೂಟರ್ ಇಲ್ಲ. ಸ್ವಲ್ಪ ಇಳಿಜಾರಿನ ಹಲಗೆ ಮೇಲೆ ಬಿಟ್ಟರೆ ತನ್ನಷ್ಟಕ್ಕೆ ನಡೆದುಕೊಂಡು ಹೋಗುತ್ತದೆ. ನಮ್ಮ ನಡಿಗೆಯ ಗುಟ್ಟೂ ಅದೇ. ನೆಟ್ಟಗೆ ನಿಂತ ಕಾಲಿನ ಮೇಲೆ ಮೈ ಒಂಚೂರು ಮೇಲೇಳುತ್ತದೆ, ಮುಂದಕ್ಕೆ ವಾಲಿ ಇಳಿಯುತ್ತದೆ. ಏರುವಾಗ ಕಳೆದ ವೇಗ ಇಳಿಯುವಾಗ ವಾಪಸ್ ಬರುತ್ತದೆ. ಪೂರ್ತಿ ಅಲ್ಲ, ಆದರೆ ಅರ್ಧಕ್ಕಿಂತ ಜಾಸ್ತಿ. ಚಿಂಪಾಂಜಿ ಎರಡು ಕಾಲಲ್ಲಿ ನಡೆಯಬಲ್ಲದು, ಆದರೆ ಸೊಂಟ ಮೊಣಕಾಲು ಎರಡೂ ಬಗ್ಗಿರುತ್ತವೆ. ಚಿಂಪಾಂಜಿಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ 2007ರಲ್ಲಿ ಅಳೆದರು. ನಮ್ಮ ನಡಿಗೆಗೆ ಅವುಗಳಿಗಿಂತ ಶೇಕಡಾ 75ರಷ್ಟು ಕಡಿಮೆ ಶಕ್ತಿ ಸಾಕು.

ಇಷ್ಟು ಅಗ್ಗದ ಸೌಲಭ್ಯ ಮೈಯಲ್ಲೇ ಇಟ್ಟುಕೊಂಡು ನಮ್ಮೂರಲ್ಲಿ ಹಾಲು ತರಲಿಕ್ಕೂ ಬೈಕ್ ಯಾಕೆ ತೆಗೀತಾರೆ ಅಂತ ಮಗಳ ಪ್ರಶ್ನೆ. ನಾನೂ ದನಿಗೂಡಿಸಿದೆ. ರಜೆಗೆ ಹೋದಾಗ ನಾನು ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆದರೆ ಸಾಕು, ಗುರುತಿದ್ದವರೆಲ್ಲ ಗಾಡಿ ನಿಲ್ಲಿಸುತ್ತಾರೆ. "ಯಾಕವಾ, ಗಾಡಿ ಕೆಟ್ಟೇತೇನ? ಹತ್ತ ಬಾ, ಬಿಡ್ತೇನಿ." ಪ್ರೀತಿಯೇ, ಇಲ್ಲ ಅನ್ನಲ್ಲ. ಆದರೆ ಅದರೊಳಗೆ ಒಂಚೂರು ಮರುಕವೂ ಇರುತ್ತದೆ. ನಡೆದು ಬಂದವರು ಏನೋ ಕಷ್ಟದಲ್ಲಿದ್ದಾರೆ ಅಂತ. ಇಲ್ಲಿ ಮುಂಬೈಯ ದಾದರ್ ಸೇತುವೆ ಮೇಲೆ ಮ್ಯಾನೇಜರೂ ನಡೀತಾನೆ, ಪ್ಯೂನೂ ನಡೀತಾನೆ. ನಿಂತರೆ ಇಬ್ಬರೂ ಬೈತಾರೆ.

ಅಣ್ಣ ಸುಮ್ನೆ ಕೇಳುತ್ತಿದ್ದವನು ಕೈ ತೊಳೆದು ಬಂದು ಹೇಳಿದ: "ಗಾಡಿ ನಿಲ್ಲಿಸಾಕ ಜಾಗಾ ಇದ್ದಿದ್ರ ನೀವೂ ನಡೀತಿದ್ದಿಲ್ಲ ಬಿಡು." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಸೊಸೈಟಿಯಲ್ಲಿ ಪಾರ್ಕಿಂಗ್‌ಗೆ ಆಗುವ ಜಗಳ ಅವನಿಗೂ ಗೊತ್ತು.

ಮರುದಿನ ಅವನನ್ನು ದಾದರ್ ಹೂವಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ತಲೆ ಮೇಲೆ ಚೆಂಡುಹೂವಿನ ಬುಟ್ಟಿ ಹೊತ್ತು ಜನಸಂದಣಿಯಲ್ಲಿ ನುಸುಳಿಕೊಂಡು ಹೋಗುವವರನ್ನು ಅವನು ಬಹಳ ಹೊತ್ತು ನೋಡಿದ. ಕೀನ್ಯಾದ ಹೆಂಗಸರ ಮೇಲೆ ಮಾಡಿದ ಒಂದು ಅಧ್ಯಯನ 1986ರಲ್ಲಿ ಬಂತು. ತಮ್ಮ ತೂಕದ ಐದನೇ ಒಂದು ಭಾಗದಷ್ಟು ಹೊರೆಯನ್ನು ಅವರು ಹೆಚ್ಚಿನ ಶಕ್ತಿಯೇ ಖರ್ಚಾಗದೆ ಹೊರುತ್ತಿದ್ದರು. ಹೊರೆ ಹೊತ್ತಾಗ ಆ ಏರುವ-ಇಳಿಯುವ ಲೆಕ್ಕದಲ್ಲಿ ಅವರಿಗೆ ಇನ್ನೂ ಜಾಸ್ತಿ ವಾಪಸ್ ಸಿಗುತ್ತಿತ್ತು ಅಂತ 1995ರಲ್ಲಿ ತಿಳಿಯಿತು. ಆಫೀಸುಗಳಿಗೆ ಊಟದ ಡಬ್ಬಿ ಮುಟ್ಟಿಸುವ ಡಬ್ಬಾವಾಲಾ ಹೊರುವ ಉದ್ದನೆಯ ಮರದ ತಟ್ಟೆ ಅದಕ್ಕಿಂತ ಎಷ್ಟೋ ಭಾರ. ಅದೇನೂ ಪುಕ್ಕಟೆ ಅಲ್ಲ, ಅವನ ಕುತ್ತಿಗೆ ನೋಡಿದರೆ ಗೊತ್ತಾಗುತ್ತದೆ.

ನಮ್ಮ ಅಜ್ಜಿಯನ್ನು ಯಾರೂ ಅಳೆಯಲಿಲ್ಲ. ಸಿಂಬಿ ಸುತ್ತಿ ಬುತ್ತಿ ಬುಟ್ಟಿ ತಲೆ ಮೇಲಿಟ್ಟು, ಒಂದು ಕೈಯಲ್ಲಿ ನೀರಿನ ಕೊಡ ಹಿಡಿದು ಹೊಲಕ್ಕೆ ಹೊರಟರೆ, ಹಿಂದೆ ಓಡುತ್ತಿದ್ದ ನಮಗೇ ಏದುಸಿರು. ಆಕೆ ನಡೆಯುತ್ತಲೇ ಮಾತಾಡುತ್ತಿದ್ದಳು, ನಮ್ಮನ್ನು ಬೈಯುತ್ತಿದ್ದಳು, ದಾರಿಯಲ್ಲಿ ಸಿಕ್ಕವರ ಸುದ್ದಿ ಕೇಳುತ್ತಿದ್ದಳು. ಬುಟ್ಟಿ ಮಾತ್ರ ಅಲ್ಲಾಡುತ್ತಿರಲಿಲ್ಲ.

ಆ ದಾರಿ ಈಗ ಇಲ್ಲ. ಊರಿಗೂ ಹೊಲಕ್ಕೂ ನಡುವೆ ಹೆದ್ದಾರಿ ಅಗಲವಾಯಿತು. ಕಬ್ಬಿಣದ ಬೇಲಿ ಬಂತು. ಎದುರಿಗೇ ಕಾಣುವ ಹೊಲಕ್ಕೆ ಹೋಗಬೇಕಾದರೆ ಅಂಡರ್‌ಪಾಸ್‌ವರೆಗೆ ಹೋಗಿ ಸುತ್ತಿ ಬರಬೇಕು. ಅಣ್ಣ ಮೊದಲ ಬೈಕ್ ತಗೊಂಡಿದ್ದು ಆ ವರ್ಷವೇ.