ನೇತ್ರಾಣಿಗೆ ಇಳಿದು ಮಡಿಕೇರಿಗೆ ಹತ್ತುವ ಲೆಕ್ಕ

ನವೆಂಬರ್, ಮೊದಲ ವಾರ

ಮಳೆಗಾಲವಿಡೀ ನಿಂತಿದ್ದ ನೇತ್ರಾಣಿ ಸ್ಕೂಬಾ ಡೈವಿಂಗ್, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಕಡಲಿಗಿಳಿಯುವುದು, ಮತ್ತೆ ಶುರುವಾಗಿದೆ. ದ್ವೀಪ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ, ಬೋಟಿನಲ್ಲಿ ಒಂದೂವರೆ ಗಂಟೆ. ನಮ್ಮಂಥ ಮಡಿಕೇರಿಯ ಕಾಫಿ ತೋಟದವರಿಗೆ ದಿನ ಹೊಂದಿಸುವುದೇ ಮೊದಲ ಕೆಲಸ. ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾ ಕೊಯ್ಲು ಶುರುವಾಗುವ ಮಧ್ಯೆ ಸಿಗುವ ಹತ್ತು ದಿನವನ್ನು ಹಿಡಿದಿದ್ದೇನೆ. ಕಳೆದ ವರ್ಷ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿದಿದೆ, 18 ಮೀಟರ್‌ವರೆಗೆ ಇಳಿಯಬಹುದು. ಆದರೆ ಹವಳದ ಹತ್ತಿರ ಹೋಗಲು ಸರ್ಟಿಫಿಕೇಟ್ ಒಂದೇ ಸಾಲದು, ಮೈ ಹಿಡಿತದಲ್ಲಿರಬೇಕು.

ಪುತ್ತರಿ ಕಳೆದ ಮೇಲೆ

ಪರಿಚಯದವರ ಹೋಂಸ್ಟೇ ಈಜುಕೊಳದಲ್ಲಿ ವಾರಕ್ಕೆ ಮೂರು ದಿನ ಅಭ್ಯಾಸ. ಬೆಳಿಗ್ಗೆ ನೀರು ಕೊರೆಯುತ್ತದೆ, ಹಾಗಾಗಿ ಮಧ್ಯಾಹ್ನವೇ ಹೋಗುತ್ತೇನೆ. ಮಾಸ್ಕಿಗೆ ನೀರು ತುಂಬಿಸಿ ಮೂಗಿನಿಂದ ಉಸಿರು ಬಿಟ್ಟು ಖಾಲಿ ಮಾಡುವುದು ಈಗ ಕಣ್ಣು ಮುಚ್ಚಿದರೂ ಬರುತ್ತದೆ. ನೀರಿನ ನಡುವೆ ಏರದೆ ಇಳಿಯದೆ ತೇಲಿ ನಿಲ್ಲುವುದು ಇನ್ನೂ ಕಷ್ಟ. ಉಸಿರೆಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಅದೇ ಗೇಣಿನಲ್ಲಿ ಕಾಲಿಗೆ ಹಾಕಿದ ಈಜುರೆಕ್ಕೆ, ಅಂದರೆ ಫಿನ್ ತಾಗಿ, ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಹವಳ ಮುರಿಯುತ್ತದೆ ಎಂದು ನೆನೆದರೆ ಇನ್ನೊಂದು ಸುತ್ತು ಅಭ್ಯಾಸ ಮಾಡದೆ ಏಳಲು ಮನಸ್ಸಾಗುವುದಿಲ್ಲ.

ಕಿವಿಯ ಪಾಠ ಮಾತ್ರ ನಮ್ಮೂರವರಿಗೆ ಹೊಸದಲ್ಲ. ಮಡಿಕೇರಿಯಿಂದ ಕರಾವಳಿಗೆ ಸಂಪಾಜೆ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಎಂಜಲು ನುಂಗಿದರೆ ಟಪ್ ಎಂದು ಬಿಡುತ್ತದಲ್ಲ, ಅದೇ. ಇಡೀ ಘಾಟಿ ಇಳಿದಾಗ ಹೆಚ್ಚುವ ಒತ್ತಡ ನೀರಿನಲ್ಲಿ ಒಂದು ಮೀಟರ್ ಚಿಲ್ಲರೆ ಇಳಿದಷ್ಟೇ. ಹತ್ತು ಮೀಟರ್ ಇಳಿದರೆ ಒತ್ತಡ ದುಪ್ಪಟ್ಟಾಗುತ್ತದೆ. ನೋವು ಬರುವವರೆಗೆ ಕಾಯದೆ, ಪ್ರತಿ ಮೀಟರಿಗೂ ಮೂಗು ಹಿಡಿದು ಮೆಲ್ಲಗೆ ಊದಬೇಕು.

ಡಿಸೆಂಬರ್ ಕೊನೆ

ನೆಗಡಿ. ಐದು ದಿನ ನೀರಿಗಿಳಿಯಲಿಲ್ಲ. ಮೂಗು ಕಟ್ಟಿದಾಗ ಇಳಿದರೆ ಕಿವಿಯ ತಮಟೆಗೇ ಅಪಾಯ.

ಜನವರಿ, ಹೊರಡುವ ಮೊದಲು

ನನಗೆ ನಿದ್ದೆಗೆಡಿಸಿದ್ದು ಕಡಲಲ್ಲ, ವಾಪಸು ಬರುವ ದಾರಿ. ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿ ಉಳಿದಿರುತ್ತದೆ. ಅದು ಹೊರಬೀಳುವ ಮೊದಲೇ ಎತ್ತರಕ್ಕೆ ಹತ್ತಿದರೆ ಸೋಡಾ ಮುಚ್ಚಳ ತೆಗೆದ ಹಾಗೆ ಗುಳ್ಳೆಯೇಳಬಹುದು. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಕಡಲತೀರಕ್ಕಿಂತ ಎಂಟನೇ ಒಂದು ಪಾಲು ಕಡಿಮೆ. ಡೈವ್ ಆದ ಮೇಲೆ ವಿಮಾನ ಹತ್ತುವ ಮೊದಲು ಇಷ್ಟು ಹೊತ್ತು ಕಾಯಿರಿ ಎಂದು ಹೇಳುವ ನಿಯಮವನ್ನೇ ನಾನು ಘಾಟಿಗೂ ಇಟ್ಟುಕೊಂಡಿದ್ದೇನೆ. ಒಂದೇ ಡೈವ್ ಆದರೆ 12 ಗಂಟೆ, ಎರಡಾದರೆ 18.

ಫೋನಿನಲ್ಲಿ ಕೇಳಿದಾಗ ಡೈವಿಂಗ್ ಮಾಡಿಸುವ ಒಂದು ಕಡೆಯವರು, "ಏನೂ ಆಗಲ್ಲ ಅಣ್ಣ, ಎಲ್ರೂ ಸಂಜೆಗೇ ಹೊರಡ್ತಾರೆ" ಎಂದರು. ಎಲ್ಲರೂ ಘಟ್ಟ ಹತ್ತುವವರಲ್ಲ. ಆ ಮಾತಿಗೆ ಬೇಜಾರಾಗಿ ಬೇರೆ ಕಡೆ ಬುಕ್ ಮಾಡಿದೆ. ರಾತ್ರಿಗೆ ಮಂಗಳೂರಿನಲ್ಲಿ ರೂಮು.

ಜನವರಿ, ಮಂಗಳೂರು ರೂಮಿನಿಂದ

ಎರಡು ಡೈವ್, ಹೆಚ್ಚೆಂದರೆ 14 ಮೀಟರ್. ಬೆಳಿಗ್ಗೆ ಎರಡೇ ಇಡ್ಲಿ, ಹೊರಡುವ ಮೊದಲೇ ವಾಂತಿ ಮಾತ್ರೆ. ಉಪ್ಪುನೀರು ಹೆಚ್ಚು ತೇಲಿಸುತ್ತದೆ. ಮುಳುಗಲು ಕಟ್ಟಿಕೊಳ್ಳುವ ತೂಕ ಕೊಳದಲ್ಲಿ 4 ಕೆ.ಜಿ. ಸಾಕಾಗಿದ್ದ ನನಗೆ ಇಲ್ಲಿ 6 ಬೇಕಾಯಿತು. ಇಳಿದ ಕೂಡಲೇ ನೀರು ಹಸಿರು ಮಬ್ಬು, ಬಂಡೆಯ ಮಗ್ಗುಲಿಗೆ ಬಂದಾಗ ತಿಳಿಯಾಯಿತು. ಗಿಳಿಮೀನೊಂದು ಬಂಡೆ ಕೆರೆಯುತ್ತಿತ್ತು. ಒಣ ಅವಲಕ್ಕಿ ಅಗಿದಂಥ ಕರಕರ ಸದ್ದು ನನ್ನ ಕಿವಿಗೇ ಕೇಳಿತು. ಉಸಿರು ತಡೆಯದೆ, ಕೈ ಕಟ್ಟಿಕೊಂಡು, ಒಂದು ಮಾರು ದೂರದಲ್ಲಿ ಅಲ್ಲಾಡದೆ ನಿಂತೆ. ಫಿನ್ ಎಲ್ಲಿಯೂ ತಾಗಲಿಲ್ಲ.

ನೀರಿನಿಂದ ಎದ್ದದ್ದು ಮಧ್ಯಾಹ್ನ 12.40ಕ್ಕೆ. ನಾಳೆ ಬೆಳಿಗ್ಗೆ 6.40ಕ್ಕೆ 18 ಗಂಟೆ ತುಂಬುತ್ತದೆ. ಕಾಫಿ ಕುಡಿದು ಹೊರಟರೂ ಸಂಪಾಜೆ ಮುಟ್ಟುವಾಗ ಒಂಬತ್ತು ದಾಟಿರುತ್ತದೆ.